ಲಿಟ್ವಿನೋವ್ ಬರೆದುಕೊಟ್ಟ ಬಾಕಿ

ಪೆಟ್ರೊಗ್ರಾಡ್ ಮೆಟಲ್ ವರ್ಕ್ಸ್ ಎಂಬ ರಷ್ಯದ ಕಂಪನಿ ನ್ಯೂಯಾರ್ಕಿನ ಖಾಸಗಿ ಬ್ಯಾಂಕರ್ ಆಗಸ್ಟ್ ಬೆಲ್ಮಾಂಟ್ ಬಳಿ ಹಣ ಠೇವಣಿ ಇಟ್ಟಿತ್ತು. 1918ರಲ್ಲಿ ಸೋವಿಯತ್ ಸರ್ಕಾರ ಕಂಪನಿಯನ್ನು ರಾಷ್ಟ್ರೀಕರಿಸಿ, ಅದರ ಆಸ್ತಿ ಎಲ್ಲೇ ಇರಲಿ ತನ್ನದೇ ಎಂದು ಸಾರಿತು. ಸಾರಿದ್ದೇನೋ ಸರಿ, ವಸೂಲಿ ಹೇಗೆ? ಅಮೆರಿಕ ಆ ಸರ್ಕಾರಕ್ಕೆ ಮಾನ್ಯತೆಯನ್ನೇ ಕೊಟ್ಟಿರಲಿಲ್ಲ. 1924ರಲ್ಲಿ ಬೆಲ್ಮಾಂಟ್ ತೀರಿಕೊಂಡ ಮೇಲೆ ಹಣದ ಹೊಣೆ ಅವರ ಉಯಿಲಿನ ನಿರ್ವಾಹಕರ ಪಾಲಿಗೆ ಬಂತು.

1933ರ ನವೆಂಬರ್ 16ರಂದು ಅಧ್ಯಕ್ಷ ರೂಸ್‌ವೆಲ್ಟ್ ಮತ್ತು ಸೋವಿಯತ್ ವಿದೇಶಾಂಗ ಸಚಿವ ಮ್ಯಾಕ್ಸಿಮ್ ಲಿಟ್ವಿನೋವ್ ಪತ್ರಗಳನ್ನು ವಿನಿಮಯ ಮಾಡಿಕೊಂಡರು. ಮಾನ್ಯತೆ ಸಿಕ್ಕಿತು. ಅದರ ಜೊತೆಗೇ, ಅಮೆರಿಕನ್ನರಿಂದ ತನಗೆ ಬರಬೇಕಾದ ಇಂಥ ಬಾಕಿಗಳನ್ನು ಸೋವಿಯತ್ ಒಕ್ಕೂಟ ಅಮೆರಿಕ ಸರ್ಕಾರಕ್ಕೇ ವಹಿಸಿಕೊಟ್ಟಿತು. ಇದು ಸೆನೆಟ್ಟಿನ ಮೂರನೇ ಎರಡರಷ್ಟು ಒಪ್ಪಿಗೆ ಬೇಡುವ ಸಂಧಿಯಲ್ಲ, ಬರೀ ಪತ್ರ.

ಆ ಪತ್ರದ ಬಲದ ಮೇಲೆ ಅಮೆರಿಕ ಸರ್ಕಾರ ಬೆಲ್ಮಾಂಟರ ನಿರ್ವಾಹಕರ ಮೇಲೆ ದಾವೆ ಹೂಡಿತು. ಪರಿಹಾರವಿಲ್ಲದೆ ಆಸ್ತಿ ಕಿತ್ತುಕೊಳ್ಳುವುದು ನ್ಯೂಯಾರ್ಕ್ ರಾಜ್ಯದ ನೀತಿಗೆ ವಿರುದ್ಧ ಎಂದು ಕೆಳಗಿನ ಕೋರ್ಟುಗಳು ಅದನ್ನು ತಳ್ಳಿಹಾಕಿದವು. 1937ರಲ್ಲಿ ಸುಪ್ರೀಂ ಕೋರ್ಟ್ ತೀರ್ಪನ್ನು ತಿರುಗಿಸಿತು. ಬರೆದವರು ನ್ಯಾಯಮೂರ್ತಿ ಸದರ್‌ಲ್ಯಾಂಡ್, ರೂಸ್‌ವೆಲ್ಟರ ಆರ್ಥಿಕ ಕಾನೂನುಗಳನ್ನು ಖಾಸಗಿ ಆಸ್ತಿಯ ಹೆಸರಿನಲ್ಲಿ ಪಟ್ಟುಹಿಡಿದು ವಿರೋಧಿಸಿದವರು! ವಿದೇಶ ವ್ಯವಹಾರದ ಮಟ್ಟಿಗೆ ನ್ಯೂಯಾರ್ಕ್ ಎಂಬ ರಾಜ್ಯವೇ ಇಲ್ಲ ಎಂಬಲ್ಲಿಯವರೆಗೆ ಅವರು ಹೋದರು. ರಷ್ಯ ತನ್ನದೇ ಪ್ರಜೆಗಳ ಆಸ್ತಿಯನ್ನು ಏನು ಮಾಡಿತೆಂಬುದು ಅಮೆರಿಕದ ಸಂವಿಧಾನ ವಿಚಾರಿಸುವ ಸಂಗತಿಯಲ್ಲ ಎಂದೂ ಹೇಳಿದರು.

ನಿಜವಾದ ಪೆಟ್ಟು ಬಿದ್ದದ್ದು 1942ರಲ್ಲಿ, ಇಂಥದೇ ಬಾಕಿಯ ಬಗೆಗಿನ ಪಿಂಕ್ ಎಂಬ ಇನ್ನೊಂದು ಪ್ರಕರಣದಲ್ಲಿ. ಫಸ್ಟ್ ರಷ್ಯನ್ ಇನ್ಶೂರೆನ್ಸ್ ಕಂಪನಿಯ ನ್ಯೂಯಾರ್ಕ್ ಶಾಖೆಯಲ್ಲಿ ಸ್ಥಳೀಯ ಬಾಕಿ ತೀರಿಸಿದ ಮೇಲೂ 10 ಲಕ್ಷ ಡಾಲರಿಗೂ ಹೆಚ್ಚು ಉಳಿದಿತ್ತು. ಅದು ವಿದೇಶಿ ಸಾಲಿಗರಿಗೆ ಸೇರಲಿ ಎಂದು ರಾಜ್ಯದ ಕೋರ್ಟ್ ಆದೇಶಿಸಿತ್ತು. ಸರ್ಕಾರದ ಹಕ್ಕೇ ಮೇಲು ಎಂದರು ನ್ಯಾಯಮೂರ್ತಿ ಡಗ್ಲಸ್. ಕೈಗೆ ಬಂದದ್ದನ್ನು ಕಳೆದುಕೊಂಡವರ ಪರ ಮುಖ್ಯ ನ್ಯಾಯಮೂರ್ತಿ ಸ್ಟೋನ್ ಭಿನ್ನಮತ ಬರೆದರು. ಹೀಗೆ ವಸೂಲಾದ ಹಣವನ್ನು ರಷ್ಯದಲ್ಲಿ ಆಸ್ತಿ ಕಳೆದುಕೊಂಡ ಅಮೆರಿಕನ್ನರಿಗೆ ಹಂಚಲು ಕಾನೂನು ಬಂದದ್ದು 1955ರಲ್ಲಿ!

ಸೆನೆಟ್ಟಿಗೆ ಹೋಗದ ಇಂಥ ಒಪ್ಪಂದಗಳು ಮುಂದೆಯೂ ಬಂದವು. 1981ರಲ್ಲಿ ಇರಾನಿನಲ್ಲಿದ್ದ ಅಮೆರಿಕನ್ ಒತ್ತೆಯಾಳುಗಳ ಬಿಡುಗಡೆಗಾಗಿ ಆ ದೇಶದ ಜೊತೆ ಆದ ಒಪ್ಪಂದ, ಅದರ ವಿರುದ್ಧ ಅಮೆರಿಕದ ಕೋರ್ಟುಗಳಲ್ಲಿದ್ದ ದಾವೆಗಳನ್ನು ಹೇಗ್‌ನ ನ್ಯಾಯಮಂಡಳಿಗೆ ಸಾಗಿಸಿತು. ಅದಕ್ಕೂ ಸುಪ್ರೀಂ ಕೋರ್ಟ್ ತಲೆಯಾಡಿಸಿತು. 2003ರಲ್ಲಿ ಕ್ಯಾಲಿಫೋರ್ನಿಯದ ಸರದಿ. ನಾಜಿ ಕಾಲದ ವಿಮಾ ಪಾಲಿಸಿಗಳ ವಿವರ ಬಹಿರಂಗಪಡಿಸಬೇಕೆಂಬ ಅದರ ಕಾನೂನನ್ನು ಕೋರ್ಟ್ 5-4ರಲ್ಲಿ ಬದಿಗೊತ್ತಿತು. ಕಾರಣ, ಅದೇ ಕಾಲದ ಹಕ್ಕುಗಳ ಬಗ್ಗೆ ಜರ್ಮನಿಯೊಂದಿಗೆ ಆಗಿದ್ದ 2000ದ ಒಪ್ಪಂದ. ಆ ಒಪ್ಪಂದದಲ್ಲಿ ರಾಜ್ಯಗಳ ಕಾನೂನನ್ನು ತೊಡೆದುಹಾಕುವ ಮಾತೇ ಇಲ್ಲವಲ್ಲ ಎಂದು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಭಿನ್ನಮತದಲ್ಲಿ ಬೊಟ್ಟು ಮಾಡಿದರು.