ಅಟ್ಟದ ಮೇಲಿನ ಕರಿಕಂಬಳಿ



ನಮ್ಮ ನಂಗವಳ್ಳಿ, ಮೇಚೇರಿ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಎಷ್ಟೋ ವಸ್ತುಗಳಿಗೆ ನಾವು ಎರಡೆರಡು ಹೆಸರು ಹೇಳುತ್ತೇವೆ. ಆದರೆ ಒಂದು ವಸ್ತುವಿಗೆ ಎರಡೂ ಭಾಷೆಯಲ್ಲಿ ಒಂದೇ ಹೆಸರು. ಅದು ಕಂಬಳಿ. ನಿಮ್ಮ ಅಟ್ಟದ ಮೇಲೋ ಅಜ್ಜಿಯ ಪೆಟ್ಟಿಗೆಯಲ್ಲೋ ಕೈಮಗ್ಗದ ಹಳೆಯ ಕರಿಕಂಬಳಿಯೊಂದು ಇದ್ದರೆ, ಈ ಮಾತು ಮುಗಿದ ಮೇಲೆ ಅದನ್ನು ಒಮ್ಮೆ ಕೆಳಗಿಳಿಸಿ ನೋಡಿ.

ಕಂಬಳಿಯ ಕತೆ ನಮ್ಮ ಸೀಮೆಯ ಕತೆಯೊಂದಿಗೆ ಹೆಣೆದುಕೊಂಡಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲ್ ಮತ್ತು ಸೇಲಂ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲೆಗ್ಸಾಂಡರ್ ರೀಡ್ ಆಡಳಿತಕ್ಕೆ ಬಂದ. ಥಾಮಸ್ ಮನ್ರೋ ಅವನ ಕೈಕೆಳಗಿನ ಅಧಿಕಾರಿಗಳಲ್ಲಿ ಒಬ್ಬ. ಗಡಿ ಬದಲಾಯಿತು, ಜನ ಬದಲಾಗಲಿಲ್ಲ. ಕನ್ನಡ ಮಾತಾಡುವ ದೇವಾಂಗರು ನೂಲು, ರೇಷ್ಮೆ ನೇಯುತ್ತ ಇಲ್ಲೇ ಉಳಿದರು. ಕುರುಬರು ಕುರಿ ಹಿಂಡಿನೊಂದಿಗೆ ಉಳಿದರು. 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಕುರುಬರ ಕಂಬಳಿ ನೇಯ್ಗೆಯನ್ನು ಮರೆಯದೆ ಬರೆದಿದ್ದಾನೆ.

ಇಲ್ಲಿ ಒಂದು ವಿಚಿತ್ರವಿದೆ. ನಮ್ಮ ಮೇಚೇರಿ ಕುರಿ ದೇಶಕ್ಕೇ ಹೆಸರುವಾಸಿ. ಅದರ ಸಾಕಣೆಗೆಂದೇ ಪೊಟ್ಟನೇರಿಯಲ್ಲಿ ಸಂಶೋಧನಾ ಕೇಂದ್ರವಿದೆ. ಆದರೆ ಅದರ ಮೈಮೇಲೆ ಇರುವುದು ಗಿಡ್ಡ ಕೂದಲು, ಉಣ್ಣೆಯಲ್ಲ. ಅದಕ್ಕೆ ಬೆಲೆ ಮಾಂಸದಿಂದ, ಚರ್ಮದಿಂದ. ಕಂಬಳಿಯ ಉಣ್ಣೆ ಬೇರೆ ಕುರಿಯದು. ಕೊಯಮತ್ತೂರು ಕಡೆ ಕುರುಂಬೈ ಎಂದು ಕರೆಯುವ ಬಿಳಿ ಕುರಿ, ಬಯಲುಸೀಮೆಯ ದಖ್ಖನಿ ಮತ್ತು ಬಳ್ಳಾರಿ ಕುರಿ, ಇವು ಒರಟು ಉಣ್ಣೆಯ ಕುರಿಗಳು. ಇವತ್ತಿಗೂ ಕಂಬಳಿ ಎಂದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಹೆಸರು ಮೊದಲು ಬರುವುದು ಇದರಿಂದಲೇ.

ಕೆಲಸ ಸಣ್ಣದಲ್ಲ. ಕುರಿಯನ್ನು ತೊಳೆದು ಉಣ್ಣೆ ಕತ್ತರಿಸಬೇಕು. ಬಿಲ್ಲಿನಿಂದ ಹಿಂಜಬೇಕು. ಹೆಂಗಸರು ನೂಲಬೇಕು. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಉಣಿಸಿ ಒಣಗಿಸಬೇಕು. ಆಮೇಲೆ ಗುಂಡಿಮಗ್ಗದಲ್ಲಿ ಕೂತು ನೇಯಬೇಕು. ಬಣ್ಣ ಹಾಕುವುದಿಲ್ಲ. ಕುರಿಯ ಕರಿ ಬಿಳಿಯೇ ಕಂಬಳಿಯ ಕರಿ ಬಿಳಿ. ಈ ಗಂಜಿ ಒದ್ದೆಯಾದಾಗ ಉಬ್ಬಿ ನೇಯ್ಗೆಯ ಸಂದು ಮುಚ್ಚುತ್ತದೆ. ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕುರಿ ಕಾಯುವವನ ಮೈ ಬೆಚ್ಚಗಿರುವುದು ಹೀಗೆ. ಇದೇ ಕಂಬಳಿಯನ್ನು ಮಡಿಸಿ ಹಾಸಿದರೆ ದೇವರಿಗೆ ಗದ್ದುಗೆ.

ಇದನ್ನು ತಿಳಿದರೆ, ಕಂಬಳಿಯನ್ನು ಹೇಗೆ ಕಾಪಾಡಬೇಕು ಎಂಬುದೂ ತಿಳಿಯುತ್ತದೆ. ಹಿರಿಯರು ಕಂಬಳಿಯನ್ನು ಪದೇ ಪದೇ ಒಗೆಯುತ್ತಿರಲಿಲ್ಲ. ಅದು ಸೋಮಾರಿತನವಲ್ಲ. ಒಗೆದಷ್ಟೂ ಗಂಜಿ ಹೋಗುತ್ತದೆ, ಮಳೆ ತಡೆಯುವ ಗುಣವೂ ಹೋಗುತ್ತದೆ. ಬಿಸಿಲಿಗೆ ಹಾಕಿ ಕೋಲಿನಿಂದ ಮೆಲ್ಲಗೆ ಬಡಿದರೆ ಧೂಳು ಉದುರುತ್ತದೆ. ಒಗೆಯಲೇಬೇಕಾದರೆ ತಣ್ಣೀರು, ಅಂಟುವಾಳದ ನೊರೆ ಸಾಕು. ಬಿಸಿನೀರು ಬೇಡ, ಸೋಡಾ ಬೇಡ, ಕಲ್ಲಿಗೆ ಬಡಿಯುವುದು ಬೇಡ, ಮಷೀನಂತೂ ಬೇಡವೇ ಬೇಡ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಮೇಲಿರುವಂತೆ ಕಣ್ಣಿಗೆ ಕಾಣದ ಪೊರೆಗಳಿವೆ. ಬಿಸಿನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಆರು ಮೊಳದ ಕಂಬಳಿ ನಾಲ್ಕು ಮೊಳವಾದರೆ ಮತ್ತೆ ಎಳೆದು ಸರಿಮಾಡಲಾಗದು. ಹಿಂಡಬೇಡಿ. ನೀರು ಇಳಿಯಲು ಬಿಟ್ಟು, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಜೋಲುತ್ತದೆ.

ಕಂಬಳಿಗೆ ದೊಡ್ಡ ಶತ್ರು ನುಸಿ. ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಅದಕ್ಕೆ ಕತ್ತಲೆ ಬೇಕು, ಬೆವರು ಜಿಡ್ಡು ಹತ್ತಿದ ಉಣ್ಣೆ ಬೇಕು, ಯಾರೂ ಮುಟ್ಟದ ಮೂಲೆ ಬೇಕು. ಆದ್ದರಿಂದ ವರ್ಷಕ್ಕೆ ಎರಡು ಸಲವಾದರೂ, ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಕಂಬಳಿ ಬಿಸಿಲು ಕಾಣಬೇಕು. ಪೂರಾ ಆರಿದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನ ಸೊಪ್ಪು ಇಟ್ಟು, ಪ್ರತಿ ಸಲ ಮಡಿಕೆ ಬದಲಿಸಿ ಇಡಿ. ಸೊಪ್ಪು ನುಸಿಯನ್ನು ಸ್ವಲ್ಪ ದೂರವಿಡುತ್ತದೆ. ಒಳಗಾಗಲೇ ಸೇರಿದ ಹುಳುವನ್ನು ಕೊಲ್ಲುವುದಿಲ್ಲ. ಬಿಸಿಲು, ಬಡಿತ, ಮನೆಯವರ ಕಣ್ಣು, ಈ ಮೂರೇ ಮುಖ್ಯ ಮದ್ದು. ತೂತು ಕಂಡರೆ ಸಣ್ಣದಿರುವಾಗಲೇ ಉಣ್ಣೆ ನೂಲಿನಿಂದ ಹೊಲಿಯಿರಿ.

ಇಷ್ಟೆಲ್ಲ ಏಕೆ, ಪೇಟೆಯಲ್ಲಿ ಅಗ್ಗದ ರಗ್ಗು ಸಿಗುವುದಿಲ್ಲವೇ ಎನ್ನಬಹುದು. ಸಿಗುತ್ತದೆ. ಪಾಣಿಪತ್ತಿನಲ್ಲಿ ಹಳೆಯ ಉಣ್ಣೆಬಟ್ಟೆಯನ್ನು ಚಿಂದಿ ಮಾಡಿ ನೂತ ರಗ್ಗುಗಳು ದೇಶವೆಲ್ಲ ಹರಡಿವೆ. ಇತ್ತ ದಖ್ಖನಿ ಕುರಿಯ ಜಾಗಕ್ಕೆ ಬೇಗ ಮೈತುಂಬುವ, ಉಣ್ಣೆಯಿಲ್ಲದ ಮಾಂಸದ ತಳಿಗಳು ಬಂದಿವೆ. ಉಣ್ಣೆ ಮಾರಿದ ದುಡ್ಡು ಕತ್ತರಿಸುವವನ ಕೂಲಿಗೂ ಸಾಲದೆ, ಕುರಿಗಾರರು ಅದನ್ನು ಹಟ್ಟಿಯ ಪಕ್ಕದಲ್ಲೇ ಎಸೆಯುವುದುಂಟು. ಕುರಿಗಾರನನ್ನು ದೂರುವಂತಿಲ್ಲ, ಅವನಿಗೂ ಸಂಸಾರವಿದೆ. ಆದರೆ ಹಿಂಜುವ ಕೈ, ನೂಲುವ ಕೈ, ಗಂಜಿಯ ಹದ ಗೊತ್ತಿದ್ದ ಕೈ ಒಂದೊಂದಾಗಿ ಸುಮ್ಮನಾಗುತ್ತಿವೆ.

ಕಂಬಳಿಯಲ್ಲಿ ಕೂತು ಉಣ್ಣುತ್ತ ಕೂದಲು ಆರಿಸಿದ ಹಾಗೆ ಎಂದು ಗಾದೆ. ಹಳೆಯದೆಂದು, ಚುಚ್ಚುತ್ತದೆಂದು ನಾವು ಕಂಬಳಿಯಲ್ಲಿ ಕೂದಲು ಆರಿಸುತ್ತ ಕೂತರೆ ಕಂಬಳಿಯೇ ಇಲ್ಲವಾದೀತು. ನಿಮ್ಮ ಮನೆಯದು ಹೋದರೆ ಅಂಥದೇ ಇನ್ನೊಂದನ್ನು ನೇಯುವವರನ್ನು ಹುಡುಕುವುದು ಕಷ್ಟ. ನಾಳೆ ಬಿಸಿಲು ಬಂದರೆ ಅದನ್ನು ಅಂಗಳಕ್ಕೆ ತನ್ನಿ. ಮಕ್ಕಳು ಇದೇನೆಂದು ಕೇಳಿದರೆ, ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ, ಹೆಸರು ಹೇಳಿಕೊಡಿ.