ಸಂಖ್ಯೆಯಿಲ್ಲದ ಬೇಟೆಗೋವಿ

ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಯುದ್ಧದ ಕೋವಿಗಳನ್ನೂ ಶ್ರೀಮಂತರ ಬೇಟೆಗೋವಿಗಳನ್ನೂ ಕುರಿತೇ ವಿಸ್ತರಿಸಿದ್ದಾರೆ. ಮೊಲ, ಅಳಿಲುಗಳ ಬೇಟೆಗೆ ಸಾಮಾನ್ಯ ಜನರು ಹಿಡಿದ ಅಗ್ಗದ ಕೋವಿಗಳಿಗೆ ಲಿಖಿತ ಆಧಾರಗಳು ವಿರಳ. ಅಂತಹ ವಸ್ತುವಿನ ಚರಿತ್ರೆಯನ್ನು ಅದರ ಮೈಯಲ್ಲಿಯೇ ಓದಬೇಕಾಗುತ್ತದೆ. ಅಮೆರಿಕದ ವಿಂಚೆಸ್ಟರ್ ಸಂಸ್ಥೆಯ ೧೯೦೦ನೆಯ ಮಾದರಿ ಇದಕ್ಕೆ ತಕ್ಕ ನಿದರ್ಶನ.

ಈ ಕೋವಿಯ ಮೂಲ ಅದರ ತೋಟೆಯಲ್ಲಿದೆ. ೧೮೪೫ರ ಸುಮಾರಿಗೆ ಫ್ರಾನ್ಸಿನ ಫ್ಲೋಬೇರನು ಕೇಪಿನ ಬಾಯಿಗೆ ಸಣ್ಣ ಗುಂಡನ್ನು ಕೂಡಿಸಿ, ಮನೆಯೊಳಗಿನ ಗುರಿಯಾಟಕ್ಕೆ ಒದಗುವ ತೋಟೆಯನ್ನು ರಚಿಸಿದನು. ೧೮೫೭ರಲ್ಲಿ ಸ್ಮಿತ್ ಮತ್ತು ವೆಸ್ಸನ್ ಸಂಸ್ಥೆಯವರು ಅದೇ ತತ್ತ್ವಕ್ಕೆ ಕರಿಮದ್ದನ್ನು ಸೇರಿಸಿ .೨೨ ಶಾರ್ಟ್ ತೋಟೆಯನ್ನು ಹೊರತಂದರು. ಇದರಲ್ಲಿ ಕಿಡಿಮದ್ದು ಬುಡದ ಅಂಚಿನ ಮಡಿಕೆಯೊಳಗೆ ಅಡಗಿರುತ್ತದೆ. ಅಂಚಿಗೆ ಪೆಟ್ಟು ಬಿದ್ದೊಡನೆ ಹೊತ್ತಿಕೊಳ್ಳುತ್ತದೆ. ರಿಮ್‌ಫೈರ್ ಎಂಬ ಹೆಸರು ಬಂದುದು ಇದರಿಂದಲೇ. ಪೆಟ್ಟಿಗೆ ಜಜ್ಜಿಹೋಗುವಷ್ಟು ತೆಳುವಾದ ಅಂಚು ಹೆಚ್ಚಿನ ಒತ್ತಡವನ್ನು ತಾಳಲಾರದು. ಆದರೆ ಒತ್ತಡ ಕಡಿಮೆಯಾದುದರಿಂದಲೇ ಕೋವಿ ಹಗುರವೂ ಸರಳವೂ ಆಗುವುದು ಸಾಧ್ಯವಾಯಿತು.

ಜಾನ್ ಬ್ರೌನಿಂಗನು ೧೮೯೯ರಲ್ಲಿ ಪೇಟೆಂಟು ಪಡೆದ ಈ ಒಂಟಿತೋಟೆಯ ಕೋವಿಯಲ್ಲಿ ಆ ಸರಳತೆ ಎದ್ದು ಕಾಣುತ್ತದೆ. ಬಾಗಿಲ ಅಗುಳಿಯಂತೆ ಎತ್ತಿ ಹಿಂದಕ್ಕೆಳೆಯುವ ಬೋಲ್ಟು. ಅದನ್ನು ಮುಚ್ಚಿದ ಬಳಿಕ ಹಿಂತುದಿಯ ಗುಬುಟನ್ನು ಕೈಯಿಂದ ಬೇರೆಯಾಗಿ ಎಳೆದ ಹೊರತು ಕೋವಿ ಹಾರದು. ನಳಿಗೆ ೧೮ ಅಂಗುಲ, ತೂಕ ೩ ಪೌಂಡಿಗೂ ಕಡಿಮೆ, ಬೆಲೆ ೫ ಡಾಲರು. ಭುಜಕ್ಕೊತ್ತುವ ಮರದ ತುದಿಗೆ ಲೋಹದ ತಗಡೂ ಇಲ್ಲ. ೧೯೦೨ರಲ್ಲಿ ಮುಂದಿನ ಮಾದರಿ ಬರುವುದರೊಳಗೆ ಲಕ್ಷಕ್ಕೂ ಮಿಕ್ಕಿ ಕೋವಿಗಳು ತಯಾರಾದವು.

ಇವುಗಳಲ್ಲಿ ಒಂದಕ್ಕೂ ಕ್ರಮಸಂಖ್ಯೆಯಿಲ್ಲ. ಪ್ರತಿಯೊಂದು ಹೊಸ ಬಂದೂಕಿಗೂ ಸಂಖ್ಯೆ ಕಡ್ಡಾಯವಾದುದು ಅಮೆರಿಕದಲ್ಲಿ ೧೯೬೮ರ ಶಾಸನದಿಂದ. ಭಾರತದಲ್ಲಾದರೋ ಗುರುತಿನ ಚಿಹ್ನೆಯಿಲ್ಲದ ಬಂದೂಕಿನ ಮಾರಾಟವನ್ನು ೧೯೫೯ರ ಆಯುಧ ಕಾಯಿದೆಯೇ ನಿಷೇಧಿಸಿತು. ಸಂಖ್ಯೆಯಿಲ್ಲದ ಕಾರಣ, ಕೈಯಿಂದ ಕೈಗೆ ಬಂದ ಹಳೆಯ ಕೋವಿಯೊಂದು ಯಾವ ವರ್ಷ ಕಾರ್ಖಾನೆಯಿಂದ ಹೊರಟಿತೆಂಬುದನ್ನು ಲೆಕ್ಕದ ಪುಸ್ತಕ ನೋಡಿ ಹೇಳುವಂತಿಲ್ಲ.

ಉಳಿದಿರುವ ಸಾಕ್ಷ್ಯಗಳು ಮೂರು. ನಳಿಗೆಯ ಮೇಲಿನ ಅಚ್ಚು ತಯಾರಕನನ್ನೂ ಪೇಟೆಂಟಿನ ಕಾಲವನ್ನೂ ತಿಳಿಸುತ್ತದೆ. ಮರದ ಸವೆತ ಬಳಕೆಯ ಅವಧಿಯನ್ನು ಸೂಚಿಸುತ್ತದೆ. ಮೂರನೆಯದು ನಳಿಗೆಯೊಳಗಿನ ತುಕ್ಕು. ಹಿಂದಿನ ಕಿಡಿಮದ್ದು ಸುಟ್ಟ ಬಳಿಕ ತೇವವನ್ನು ಹೀರುವ ಲವಣವನ್ನು ಉಳಿಸುತ್ತಿದ್ದುದರಿಂದ, ಕೂಡಲೇ ತೊಳೆಯದ ನಳಿಗೆಯನ್ನು ತುಕ್ಕು ಕೊರೆಯುತ್ತಿತ್ತು. ಆ ದೋಷವಿಲ್ಲದ ತೋಟೆಯನ್ನು ರೆಮಿಂಗ್ಟನ್ ಸಂಸ್ಥೆ ೧೯೨೬ರಲ್ಲಿ ಮಾರಾಟಕ್ಕೆ ತಂದಿತು. ತುಕ್ಕಿಗೆ ಬರಿಯ ಅಲಕ್ಷ್ಯವೂ ಕಾರಣವಾಗಬಹುದಾದರೂ, ಇತರ ಗುರುತುಗಳೊಡನೆ ಕೂಡಿಸಿ ನೋಡಿದಾಗ ಅದು ಹಳೆಯ ತೋಟೆಗಳ ಬಳಕೆಗೆ ಸಾಕ್ಷಿಯಾಗುತ್ತದೆ.

ಆದುದರಿಂದ ಇಂತಹ ಕೋವಿಯ ಮರಕ್ಕೆ ಹೊಸ ಮೆರುಗು ಕೊಡುವವರು, ಲೋಹವನ್ನು ಉಜ್ಜಿ ಹೊಳೆಯಿಸುವವರು, ಅಂದವನ್ನು ಹೆಚ್ಚಿಸುವ ಭರದಲ್ಲಿ ಆಧಾರವನ್ನೇ ಅಳಿಸುತ್ತಾರೆ. ಕಾಗದದಲ್ಲಿ ಹೆಸರುಳಿಯದ ಬೇಟೆಗಾರರ ಬಾಳಿಗೆ ಆ ಸವೆತವೂ ಆ ತುಕ್ಕೂ ಉಳಿದ ದಾಖಲೆಗಳು.