ಕಡಲಿನ ಮೇಲೆ ಮೈಸೂರು: ಒಂದು ಯುದ್ಧನೌಕೆಯ ಸೇವಾ ಚರಿತ್ರೆ

ಮೈಸೂರಿನ ಹೆಸರು ಹೊತ್ತ ವಸ್ತುಗಳ ಪಟ್ಟಿ ಮಾಡಿ ಎಂದರೆ ನಮ್ಮ ಮಕ್ಕಳು ಪಾಕ, ಮಲ್ಲಿಗೆ, ರೇಷ್ಮೆ, ಪೇಟ, ವೀಳ್ಯದೆಲೆ, ಸ್ಯಾಂಡಲ್ ಸೋಪು ಎಂದು ಥಟ್ಟನೆ ಹೇಳುತ್ತಾರೆ. ಆ ಪಟ್ಟಿಗೆ ಸುಮಾರು 169 ಮೀಟರ್ ಉದ್ದದ ಒಂದು ಯುದ್ಧನೌಕೆಯನ್ನು ಸೇರಿಸುವವರು ಅಪರೂಪ. ಭಾರತೀಯ ನೌಕಾಪಡೆಯಲ್ಲಿ 1957ರಿಂದ 1985ರವರೆಗೆ 28 ವರ್ಷ ಸೇವೆ ಸಲ್ಲಿಸಿದ ‘ಐಎನ್‌ಎಸ್ ಮೈಸೂರು’ ಎಂಬ ಕ್ರೂಸರ್ ನೌಕೆಯ ಚರಿತ್ರೆ ಇದು. ಸುವರ್ಣ ಮಹೋತ್ಸವದ ಸಂಚಿಕೆಗೆ ಊರಿಗೆ ಸಂಬಂಧಪಟ್ಟ ಇತಿಹಾಸದ ಲೇಖನವೊಂದನ್ನು ಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಈ ವಿಷಯವನ್ನೇ ಆರಿಸಿಕೊಂಡೆ. ಅರಮನೆ, ಚಾಮುಂಡಿಬೆಟ್ಟಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಊರಿನ ಹೆಸರನ್ನು ಕಡಲಿಗೆ ಕೊಂಡೊಯ್ದ ಹಡಗಿನ ಬಗ್ಗೆ ನಮ್ಮಲ್ಲೇ ಬಲ್ಲವರು ಕಡಿಮೆ.

ಮೈಸೂರಿಗೆ ಸಮುದ್ರ ಎಲ್ಲಿಂದ ಬಂತು?

ಸಮಾಜ ವಿಜ್ಞಾನದ ತರಗತಿಯಲ್ಲಿ ನಾನು ಈ ಹಡಗಿನ ಹೆಸರು ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತಿತ್ತು: “ಸಾರ್, ಮೈಸೂರಲ್ಲಿ ಸಮುದ್ರ ಎಲ್ಲಿದೆ?” ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಇತಿಹಾಸದಲ್ಲಿದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಮಂಗಳೂರು, ಹೊನ್ನಾವರಗಳ ಕರಾವಳಿ ಮೈಸೂರಿನ ಆಳ್ವಿಕೆಯಲ್ಲಿತ್ತು. ಇಬ್ಬರೂ ಹಡಗು ಕಟ್ಟಿಸಿ ನೌಕಾಬಲ ಬೆಳೆಸಲು ಯತ್ನಿಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕರಾವಳಿ ಕಂಪನಿ ಸರ್ಕಾರದ ಪಾಲಾಯಿತು. ಒಡೆಯರಿಗೆ ಮರಳಿ ಸಿಕ್ಕಿದ ಮೈಸೂರು ಸುತ್ತಲೂ ನೆಲವೇ ಇದ್ದ ರಾಜ್ಯ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿಯೂ, 1862ರ ನಂತರ ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿಯೂ ಉಳಿದವು. 1956ರ ನವೆಂಬರ್ 1ರಂದು ಭಾಷಾವಾರು ವಿಂಗಡಣೆಯಾದಾಗ ಎರಡೂ ಮೈಸೂರು ರಾಜ್ಯಕ್ಕೆ ಸೇರಿದವು. 157 ವರ್ಷಗಳ ನಂತರ ಮೈಸೂರು ಮತ್ತೆ ಕಡಲು ಕಂಡಿತು. ಅದಾಗಿ ಹತ್ತೇ ತಿಂಗಳಿಗೆ, 1957ರ ಆಗಸ್ಟ್ 29ರಂದು, ‘ಮೈಸೂರು’ ಎಂಬ ಯುದ್ಧನೌಕೆ ನಮ್ಮ ನೌಕಾಪಡೆಗೆ ಸೇರಿತು. ಇದನ್ನು ಯಾರೋ ಲೆಕ್ಕ ಹಾಕಿ ಮಾಡಿದರೆಂದು ನಾನು ಹೇಳುತ್ತಿಲ್ಲ. ಕಾಲ ಹಾಗೆ ಕೂಡಿಬಂತು.

ನೈಜೀರಿಯಾ ಎಂಬ ಮೊದಲ ಹೆಸರು

ಈ ಹಡಗು ನಮಗಾಗಿ ಕಟ್ಟಿದ್ದಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ವಾಕರ್ ಎಂಬಲ್ಲಿ ವಿಕರ್ಸ್ ಆರ್ಮ್‌ಸ್ಟ್ರಾಂಗ್ಸ್ ಕಂಪನಿ 1938ರ ಫೆಬ್ರವರಿಯಲ್ಲಿ ಇದರ ಕೆಲಸ ಆರಂಭಿಸಿತು. 1939ರ ಜುಲೈ 18ರಂದು ನೀರಿಗಿಳಿಸಿದರು. ಆರೇಳು ವಾರಗಳಲ್ಲಿ ಎರಡನೇ ಮಹಾಯುದ್ಧ ಹೊತ್ತಿಕೊಂಡಿತು. 1940ರ ಸೆಪ್ಟೆಂಬರ್‌ನಲ್ಲಿ ಹಡಗು ಬ್ರಿಟಿಷ್ ನೌಕಾಪಡೆಗೆ ಸೇರಿತು. ಈ ವರ್ಗದ ಹಡಗುಗಳಿಗೆ ಬ್ರಿಟನ್ನಿನ ವಸಾಹತುಗಳ ಹೆಸರಿಡುವುದು ವಾಡಿಕೆಯಾಗಿತ್ತು: ಫಿಜಿ, ಕೀನ್ಯಾ, ಜಮೈಕಾ, ಸಿಲೋನ್ ಹೀಗೆ. ಇದಕ್ಕೆ ಸಿಕ್ಕಿದ ಹೆಸರು ‘ನೈಜೀರಿಯಾ’.

ಯುದ್ಧನೌಕೆಗಳಲ್ಲಿ ಕ್ರೂಸರ್ ಎಂದರೆ ದೂರದ ಕಡಲಿಗೆ ವೇಗವಾಗಿ ಹೋಗಿ, ಸರಕು ಹಡಗುಗಳನ್ನು ಕಾಯುವ, ಶತ್ರುವಿನ ಹಡಗುಗಳನ್ನು ಹುಡುಕಿ ಹೊಡೆಯುವ ನೌಕೆ. ಆರು ಅಂಗುಲ ವ್ಯಾಸದ ಫಿರಂಗಿ ಇರುವುದನ್ನು ಲಘು ಕ್ರೂಸರ್ ಎನ್ನುತ್ತಿದ್ದರು. ನೈಜೀರಿಯಾದಲ್ಲಿ ಅಂಥ 12 ಫಿರಂಗಿಗಳಿದ್ದವು, ಮೂರು ಮೂರರ ಜೊತೆಯಾಗಿ. ಒಂದೊಂದು ಗುಂಡಿನ ತೂಕ ಸುಮಾರು 50 ಕೆ.ಜಿ., ಅಂದರೆ ಒಂದು ಅಕ್ಕಿ ಮೂಟೆಯಷ್ಟು. ಅದನ್ನು ಮೈಸೂರಿನಿಂದ ನಂಜನಗೂಡಿನಷ್ಟು ದೂರಕ್ಕೆ ಎಸೆಯುವ ಶಕ್ತಿ ಆ ಫಿರಂಗಿಗಳಿಗಿತ್ತು. ಹಡಗಿನ ವೇಗ ಗಂಟೆಗೆ ಸುಮಾರು 60 ಕಿ.ಮೀ.

ಮೊದಲ ಎರಡು ವರ್ಷಗಳ ಕೆಲಸ ಉತ್ತರ ಧ್ರುವದ ಸಮೀಪದ ಕೊರೆಯುವ ಕಡಲಿನಲ್ಲಿ. 1941ರ ಜೂನ್ 28ರಂದು ನೈಜೀರಿಯಾ ಮತ್ತು ಮೂರು ಡೆಸ್ಟ್ರಾಯರ್ ನೌಕೆಗಳು ‘ಲೌವೆನ್‌ಬುರ್ಗ್’ ಎಂಬ ಜರ್ಮನ್ ಹವಾಮಾನ ಹಡಗನ್ನು ಹಿಡಿದವು. ನೋಡಲು ಅದೊಂದು ಸಾಧಾರಣ ಮೀನುಗಾರಿಕೆ ಹಡಗು. ಆದರೆ ಅದರಲ್ಲಿ ಸಿಕ್ಕಿದ ಕಾಗದಗಳು ಜರ್ಮನಿಯ ‘ಎನಿಗ್ಮಾ’ ಗುಪ್ತ ಲಿಪಿಯನ್ನು ಬಿಡಿಸಲು ನೆರವಾದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಾರ್ವೆಯ ಉತ್ತರಕ್ಕೆ ‘ಅರೋರಾ’ ನೌಕೆಯ ಜೊತೆ ಸೇರಿ ‘ಬ್ರೆಮ್ಸೆ’ ಎಂಬ ಜರ್ಮನ್ ನೌಕೆಯನ್ನು ಮುಳುಗಿಸಿತು. ಆ ಕಾಳಗದಲ್ಲಿ ನೈಜೀರಿಯಾದ ಮೂತಿಯೂ ಜಖಂಗೊಂಡಿತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1942ರ ಆಗಸ್ಟ್ 12ರ ಸಂಜೆ, ಮೆಡಿಟರೇನಿಯನ್ ಸಮುದ್ರದಲ್ಲಿ. ಮುತ್ತಿಗೆಯಲ್ಲಿದ್ದ ಮಾಲ್ಟಾ ದ್ವೀಪಕ್ಕೆ ಆಹಾರ, ಎಣ್ಣೆ ತಲುಪಿಸಲು 14 ಸರಕು ಹಡಗುಗಳು ಹೊರಟಿದ್ದವು. ಬೆಂಗಾವಲಿನ ಒಂದು ತಂಡಕ್ಕೆ ನೈಜೀರಿಯಾವೇ ಧ್ವಜನೌಕೆ. ‘ಆಕ್ಸುಮ್’ ಎಂಬ ಇಟಲಿಯ ಜಲಾಂತರ್ಗಾಮಿ ಒಂದೇ ಸಲಕ್ಕೆ ಬಿಟ್ಟ ಟಾರ್ಪಿಡೊಗಳು ಮೂರು ಹಡಗುಗಳಿಗೆ ಬಡಿದವು. ನೈಜೀರಿಯಾದಲ್ಲಿ 52 ಮಂದಿ ಸತ್ತರು. ನೀರು ನುಗ್ಗಿದ ಹಡಗನ್ನು ಉಳಿದವರು ಹೇಗೋ ಜಿಬ್ರಾಲ್ಟರ್‌ಗೆ ಮುಟ್ಟಿಸಿದರು. ಆ 14 ಹಡಗುಗಳಲ್ಲಿ ಮಾಲ್ಟಾ ಸೇರಿದ್ದು ಐದು ಮಾತ್ರ.

ಅಮೆರಿಕದಲ್ಲಿ ದುರಸ್ತಿಯಾದ ನೈಜೀರಿಯಾ 1944ರಲ್ಲಿ ಹಿಂದೂ ಮಹಾಸಾಗರಕ್ಕೆ ಬಂದು ಜಪಾನಿನ ವಶದಲ್ಲಿದ್ದ ಸುಮಾತ್ರದ ಮೇಲಿನ ದಾಳಿಗಳಲ್ಲಿ ಭಾಗವಹಿಸಿತು. ಯುದ್ಧ ಮುಗಿದ ಮೇಲೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಕೆಲವು ವರ್ಷ ಓಡಾಡಿತು. ಬಳಿಕ ಕೆಲಸವಿಲ್ಲದೆ ಲಂಗರು ಹಾಕಿ ನಿಂತಿತು.

ಹಳೆಯ ಹಡಗು, ಹೊಸ ದೇಶ

ಸ್ವತಂತ್ರ ಭಾರತಕ್ಕೆ ನೌಕಾಪಡೆ ಕಟ್ಟಬೇಕಿತ್ತು. ಖಜಾನೆಯಲ್ಲಿ ಹಣ ಕಡಿಮೆ ಇತ್ತು. 1948ರಲ್ಲಿ ಒಂದು ಹಳೆಯ ಕ್ರೂಸರ್ ಕೊಂಡು ‘ದೆಹಲಿ’ ಎಂದು ಹೆಸರಿಟ್ಟಾಗಿತ್ತು. 1954ರ ಏಪ್ರಿಲ್‌ನಲ್ಲಿ ನೈಜೀರಿಯಾವನ್ನು 3 ಲಕ್ಷ ಪೌಂಡಿಗೆ ಕೊಂಡುಕೊಂಡರು. ಬರ್ಕನ್‌ಹೆಡ್ ಎಂಬಲ್ಲಿ ಕ್ಯಾಮೆಲ್ ಲೇರ್ಡ್ ಕಂಪನಿ ಅದನ್ನು ಹೊಸದಾಗಿ ಸಜ್ಜುಗೊಳಿಸಿತು. ನಮ್ಮ ಕೈಗೆ ಬಂದಾಗ ಆರು ಅಂಗುಲದ ಫಿರಂಗಿಗಳು ಒಂಬತ್ತು. ಹಡಗಿನ ಲಾಂಛನ ಗಂಡಭೇರುಂಡ, ಸಾರಿಗೆ ಸಂಸ್ಥೆಯ ಬಸ್ಸಿನ ಮೇಲೆ ನಾವು ದಿನವೂ ಕಾಣುವ ಅದೇ ಎರಡು ತಲೆಯ ಹಕ್ಕಿ. ಧ್ಯೇಯವಾಕ್ಯವನ್ನು ತೈತ್ತಿರೀಯ ಉಪನಿಷತ್ತಿನಿಂದ ಆರಿಸಿದ್ದರು. ಎಂದಿಗೂ ಅಂಜದವನು ಎಂಬುದು ಅದರ ಅರ್ಥ. ವಸಾಹತೊಂದರ ಹೆಸರಿನ ಹಡಗು, ವಸಾಹತಾಗಿದ್ದು ಬಿಡುಗಡೆ ಹೊಂದಿದ ಇನ್ನೊಂದು ದೇಶದ ಕೈಗೆ ಬಂತು. 1960ರಲ್ಲಿ ನೈಜೀರಿಯಾ ದೇಶ ಸ್ವತಂತ್ರವಾಗುವ ವೇಳೆಗೆ ಆ ಹೆಸರು ಹಡಗಿನ ಮೇಲಿರಲಿಲ್ಲ.

ಅಂಜುದೀವಿಯಲ್ಲಿ ಏಳು ಜೀವ

ನನ್ನ ಮಟ್ಟಿಗೆ ಈ ಹಡಗಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹತ್ತಿರದ ಪುಟ ಅಂಜುದೀವಿಯದು. ಕಾರವಾರದ ಎದುರಿಗೇ ಇರುವ ಈ ಪುಟ್ಟ ದ್ವೀಪ 1961ರಲ್ಲೂ ಪೋರ್ಚುಗೀಸರ ವಶದಲ್ಲಿತ್ತು. ಆ ವರ್ಷ ನವೆಂಬರ್‌ನಲ್ಲಿ ದ್ವೀಪದ ಪೋರ್ಚುಗೀಸ್ ಸೈನಿಕರು ‘ಸಾಬರಮತಿ’ ಎಂಬ ಹಡಗಿನ ಮೇಲೆ ಗುಂಡು ಹಾರಿಸಿದರು. ಕಾರವಾರದ ಕಡೆಯ ಮೀನುಗಾರನೊಬ್ಬ ಗುಂಡೇಟಿಗೆ ಬಲಿಯಾದ. ಗೋವಾ ವಿಮೋಚನೆಯ ‘ಆಪರೇಷನ್ ವಿಜಯ್’ ಆರಂಭವಾದಾಗ ಅಂಜುದೀವಿಯನ್ನು ಹಿಡಿಯುವ ಹೊಣೆ ಮೈಸೂರು ಮತ್ತು ತ್ರಿಶೂಲ್ ನೌಕೆಗಳಿಗೆ ಬಂತು.

ಡಿಸೆಂಬರ್ 18ರ ಬೆಳಿಗ್ಗೆ ನಾವಿಕರ ತುಕಡಿಯೊಂದು ದೋಣಿಗಳಲ್ಲಿ ದ್ವೀಪಕ್ಕೆ ಇಳಿಯಿತು. ಇವರು ಕಾಲಾಳು ಸೈನಿಕರಲ್ಲ, ಹಡಗಿನಲ್ಲಿ ಕೆಲಸ ಮಾಡುವವರು. ಎದುರಿಗೆ ಬಿಳಿ ಬಾವುಟ ಕಂಡು ಮುಂದುವರಿದವರ ಮೇಲೆ ಮೆಷಿನ್ ಗನ್ನುಗಳು ಗುಂಡು ಸುರಿಸಿದವು ಎಂದು ನಮ್ಮ ನೌಕಾಪಡೆಯ ಇತಿಹಾಸ ಹೇಳುತ್ತದೆ. ಆಗ ಹಡಗುಗಳ ಫಿರಂಗಿಗಳು ಗುಡುಗಿದವು. ಮರುದಿನದ ಹೊತ್ತಿಗೆ ದ್ವೀಪ ಕೈವಶವಾಯಿತು. ಅಷ್ಟರಲ್ಲಿ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟಿದ್ದರು. ಗೋವಾ ಸುಲಭವಾಗಿ ಸಿಕ್ಕಿತೆಂದು ನಾವು ಪಾಠದಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ಮೈಸೂರು ಎಂಬ ಹಡಗು ಮೈಸೂರು ರಾಜ್ಯದ ಕಡಲ ಕರೆಯಲ್ಲೇ ಕಾದಿತು, ಆ ಕಾದಾಟಕ್ಕೆ ಏಳು ಮನೆಗಳು ಬೆಲೆ ತೆತ್ತವು ಎಂಬುದು ಆ ಎರಡು ಸಾಲಿನಲ್ಲಿ ಬರುವುದಿಲ್ಲ.

ಅವಘಡಗಳು, 1971, ನಿವೃತ್ತಿ

ಚರಿತ್ರೆ ಬರೆಯುವಾಗ ಒಳ್ಳೆಯದನ್ನಷ್ಟೇ ಹೇಳಬಾರದು. ಮೈಸೂರು ನೌಕೆಗೆ ಮೂರು ಡಿಕ್ಕಿಗಳಾದವು: 1959ರಲ್ಲಿ ಸಿಲೋನ್ ಸಮೀಪ ಬ್ರಿಟನ್ನಿನ ‘ಹೋಗ್’ ಜೊತೆ, 1969ರಲ್ಲಿ ನಮ್ಮದೇ ‘ರಾಣಾ’ ಜೊತೆ, 1972ರಲ್ಲಿ ‘ಬಿಯಾಸ್’ ಜೊತೆ. ರಾಣಾ ನೌಕೆ ಆ ಪೆಟ್ಟಿನ ನಂತರ ಸೇವೆಯಿಂದಲೇ ಹೊರಬಿತ್ತು. ಅಷ್ಟು ದೊಡ್ಡ ಹಡಗನ್ನು ತಕ್ಷಣ ತಿರುಗಿಸುವುದಾಗಲಿ ನಿಲ್ಲಿಸುವುದಾಗಲಿ ಸಾಧ್ಯವಿಲ್ಲ. ನೌಕೆಗಳು ಅಕ್ಕಪಕ್ಕದಲ್ಲಿ ಸಾಗುವಾಗ ಕಣ್ಣು ತಪ್ಪಿದರೆ ಆಗುವ ಅನಾಹುತ ಭಾರಿಯದು.

1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. ರಿಯರ್ ಅಡ್ಮಿರಲ್ ಕುರುವಿಳ ಅವರು ದಳದ ನಾಯಕರು. ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಯನ್ನು ನಡುಗಿಸಿದ್ದು ದೊಡ್ಡ ಫಿರಂಗಿಗಳಲ್ಲ, ಸಣ್ಣ ಕ್ಷಿಪಣಿ ದೋಣಿಗಳು. ಐದು ದಿನಗಳ ಮೇಲೆ ನಮ್ಮ ‘ಖುಕ್ರಿ’ ನೌಕೆಯನ್ನು ಪಾಕಿಸ್ತಾನದ ಜಲಾಂತರ್ಗಾಮಿ ಮುಳುಗಿಸಿತು; 194 ಮಂದಿ ಹೋದರು. ಮುಂದಿನ ಕಾಲ ಕ್ಷಿಪಣಿಗಳದು, ಜಲಾಂತರ್ಗಾಮಿಗಳದು ಎಂಬುದು ಎಲ್ಲರಿಗೂ ತಿಳಿಯಿತು. ಫಿರಂಗಿಯ ಹಡಗಾದ ಮೈಸೂರು ಕೊನೆಯ ವರ್ಷಗಳಲ್ಲಿ ತರಬೇತಿ ನೌಕೆಯಾಯಿತು. ಎಳೆಯ ಕೆಡೆಟ್‌ಗಳು ಕಡಲಿನ ಪಾಠ ಕಲಿತದ್ದು ಅದರ ಮೇಲೆ. ಒಂದು ರೀತಿಯಲ್ಲಿ ಅದೂ ಶಾಲೆಯೇ ಆಯಿತು.

1973ರಲ್ಲಿ ರಾಜ್ಯದ ಹೆಸರು ಕರ್ನಾಟಕವೆಂದಾಯಿತು. ಹಡಗಿನ ಹೆಸರು ಬದಲಾಗಲಿಲ್ಲ. 1985ರ ಆಗಸ್ಟ್ 20ರಂದು ಮೈಸೂರು ನಿವೃತ್ತಿಯಾಯಿತು, ಆಮೇಲೆ ಗುಜರಿಗೆ ಹೋಯಿತು. ಕಟ್ಟಿಸಿದವರಿಗೆ ಹತ್ತು ಹದಿನೈದು ವರ್ಷಗಳಲ್ಲಿ ಬೇಡವಾದ ಹಡಗನ್ನು ನಮ್ಮವರು ಅದರ ಎರಡು ಪಾಲು ಕಾಲ ದುಡಿಸಿದರು. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ, ಕಲಿಸಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇರುವ ವಸ್ತುವನ್ನು ಜೋಪಾನ ಮಾಡಿ, ಅದರಲ್ಲೇ ಹತ್ತು ಜನರನ್ನು ತಯಾರು ಮಾಡುವುದು ನಮಗೆ ಗೊತ್ತಿರುವ ಕೆಲಸ.

ಹೆಸರು ಮುಂದುವರಿದಿದೆ

1999ರ ಜೂನ್ 2ರಂದು ಎರಡನೆಯ ಐಎನ್‌ಎಸ್ ಮೈಸೂರು ಸೇವೆಗೆ ಸೇರಿತು. ಇದು ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಭಾರತೀಯರೇ ಕಟ್ಟಿದ ಡೆಸ್ಟ್ರಾಯರ್, ಉದ್ದ 163 ಮೀಟರ್. ಹಳೆಯದರ 60 ಎಂಬ ಅಂಕಿಯನ್ನೂ ಗಂಡಭೇರುಂಡವನ್ನೂ ಉಳಿಸಿಕೊಂಡಿದ್ದಾರೆ. ನಮ್ಮ ಬಡಾವಣೆಯವರಿಗೆ ಇನ್ನೊಂದು ಸ್ವಾರಸ್ಯವಿದೆ: ‘ಉದಯಗಿರಿ’ ಎಂಬ ಯುದ್ಧನೌಕೆಯೂ 1976ರಿಂದ 2007ರವರೆಗೆ ನಮ್ಮ ನೌಕಾಪಡೆಯಲ್ಲಿತ್ತು. ಅದೇ ಹೆಸರಿನ ಹೊಸ ನೌಕೆ 2025ರ ಆಗಸ್ಟ್‌ನಲ್ಲಿ ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿತು. ಆ ಹೆಸರು ಆಂಧ್ರದ ಬೆಟ್ಟಸಾಲಿನದೇ ಹೊರತು ನಮ್ಮ ಉದಯಗಿರಿಯದಲ್ಲ. ಆದರೂ ನಮ್ಮ ಮಕ್ಕಳು ಕೇಳಿದರೆ ಕಿವಿ ನಿಮಿರುತ್ತದೆ.

ಅಂಜುದೀವಿ ಈಗ ಅಲೆ ತಡೆಗೋಡೆಯ ಮೂಲಕ ಕಾರವಾರದ ‘ಕದಂಬ’ ನೌಕಾನೆಲೆಗೆ ಸೇರಿಕೊಂಡಿದೆ. ಈ ಶಾಲೆಯ ಮಕ್ಕಳು ಮುಂದೆ ಉತ್ತರ ಕನ್ನಡಕ್ಕೆ ಶೈಕ್ಷಣಿಕ ಪ್ರವಾಸ ಹೋದಾಗ, ಜೊತೆಗಿರುವ ಶಿಕ್ಷಕರು ಆ ದ್ವೀಪದ ದಿಕ್ಕಿಗೆ ಕೈ ತೋರಿಸಿ 1961ರ ಆ ಬೆಳಗನ್ನೂ ಆ ಏಳು ಮಂದಿಯನ್ನೂ ಕುರಿತು ಹೇಳಲಿ ಎಂದು ಕೋರುತ್ತೇನೆ. ಶಾಲೆಯ ಐವತ್ತು ವರ್ಷಗಳಿಗೆ ಮತ್ತು ಮುಂದಿನ ಐವತ್ತಕ್ಕೆ ನನ್ನ ಶುಭ ಹಾರೈಕೆಗಳು.